ಹೊಗೆ, ಗುತ್ತಿಗೆ ಮತ್ತು ಹನ್ನೊಂದು ಮತ

2019ರ ಜೂನ್ 25ರ ಮಂಗಳವಾರ ಸ್ಯಾನ್‌ಫ್ರಾನ್ಸಿಸ್ಕೋದ ನಗರಾಡಳಿತ ಮಂಡಳಿ ಇ-ಸಿಗರೇಟಿನ ಮೇಲೆ ಕೊನೆಯ ಸುತ್ತಿನ ಮತ ಹಾಕಿತು. ಇದ್ದದ್ದು ಹನ್ನೊಂದು ಸದಸ್ಯರು, ಹನ್ನೊಂದೂ ಮತ ಮಸೂದೆಯ ಪರ. ಅಮೆರಿಕದ ದೊಡ್ಡ ನಗರವೊಂದು ಇ-ಸಿಗರೇಟು ಮಾರಾಟವನ್ನೇ ನಿಲ್ಲಿಸಲು ಹೊರಟಿದ್ದು ಅದೇ ಮೊದಲು. ಸುದ್ದಿಗೆ ಇನ್ನಷ್ಟು ಖಾರ ಹಚ್ಚಿದ್ದು ಬೇರೊಂದು ಸಂಗತಿ. ಆಗ ಅಮೆರಿಕದ ಇ-ಸಿಗರೇಟು ಮಾರುಕಟ್ಟೆಯ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಹಿಡಿದಿದ್ದ ಜೂಲ್ ಕಂಪನಿಯ ಮುಖ್ಯ ಕಚೇರಿ ಇದ್ದದ್ದೂ ಅದೇ ಊರಿನಲ್ಲಿ. ಅದೂ ನಗರದ್ದೇ ಜಾಗದಲ್ಲಿ, ಬಂದರು ಇಲಾಖೆಗೆ ಸೇರಿದ ಹಳೆಯ ಕಟ್ಟಡವೊಂದರಲ್ಲಿ, ಬಾಡಿಗೆಗೆ.

ಆ ದಿನ ಮಂಡಳಿಯ ಮುಂದೆ ಎರಡು ಮಸೂದೆಗಳಿದ್ದವು. ಒಂದು, ಅಂಗಡಿ ಮತ್ತು ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದ್ದು. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಅದೇ. ಇನ್ನೊಂದು, ನಗರದ ಒಡೆತನದ ಜಾಗಗಳಲ್ಲಿ ಇ-ಸಿಗರೇಟೂ ಸೇರಿದಂತೆ ಯಾವುದೇ ತಂಬಾಕು ಉತ್ಪನ್ನದ ತಯಾರಿಕೆ, ವಿತರಣೆ, ಮಾರಾಟ ಕೂಡದು ಎಂಬುದು. ಇದನ್ನು ಹೆಚ್ಚಿನವರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ಆದರೆ ಒಂದು ನಗರ ತನಗೆ ಒಗ್ಗದ ವ್ಯಾಪಾರವನ್ನು ಎಲ್ಲೆಲ್ಲಿ ಹಿಡಿದು ನಿಲ್ಲಿಸಬಹುದು, ಎಲ್ಲಿ ಅದರ ಕೈ ಸೋಲುತ್ತದೆ ಎಂಬುದನ್ನು ತಿಳಿಯಲು ಈ ಎರಡನೆಯ ಮಸೂದೆಯೇ ಹೆಚ್ಚು ಉಪಯುಕ್ತ.

ಮೊದಲು ಊರಿನ ಪರಿಚಯ. ಸ್ಯಾನ್‌ಫ್ರಾನ್ಸಿಸ್ಕೋ ಏಕಕಾಲಕ್ಕೆ ನಗರವೂ ಹೌದು, ಕೌಂಟಿಯೂ ಹೌದು. ನಮ್ಮ ಲೆಕ್ಕದಲ್ಲಿ ಪಾಲಿಕೆ ಮತ್ತು ಜಿಲ್ಲಾಡಳಿತ ಒಂದೇ ಸೂರಿನಡಿ ಇದ್ದ ಹಾಗೆ. ನೆಲದ ಅಳತೆ ಸುಮಾರು 121 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ 700 ಚದರ ಕಿಲೋಮೀಟರ್ ದಾಟಿತ್ತು ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಹನ್ನೊಂದು ಡಿಸ್ಟ್ರಿಕ್ಟ್‌ಗಳಿಂದ ಒಬ್ಬೊಬ್ಬರಂತೆ ಆರಿಸಿ ಬಂದವರ ಸಭೆಗೆ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಎಂದು ಹೆಸರು. ಮೇಯರ್ ಬೇರೆ, ನಗರ ವಕೀಲರೂ ಬೇರೆ. ಇಬ್ಬರೂ ನೇರವಾಗಿ ಜನರಿಂದ ಆಯ್ಕೆಯಾದವರು. ಮಸೂದೆಯೊಂದು ಕಾಯ್ದೆಯಾಗಲು ಮಂಡಳಿಯಲ್ಲಿ ಎರಡು ಸಲ ಮತ ಬೀಳಬೇಕು. ಇದಕ್ಕೆ ಜೂನ್ 18ರಂದು ಮೊದಲ ಸಲ, 25ರಂದು ಎರಡನೇ ಸಲ ಮತ ಬಿತ್ತು. ಆಮೇಲೆ ಮೇಯರ್ ಲಂಡನ್ ಬ್ರೀಡ್ ಸಹಿ ಹಾಕಿದರು.

ಹೊಗೆಯ ವಿಷಯದಲ್ಲಿ ಈ ಊರು ಹಳೆಯ ಜಗಳಗಂಟ. ಕಚೇರಿಗಳಲ್ಲಿ ಸೇದದವರ ಪರ 1983ರಲ್ಲೇ ಕಾನೂನು ಮಾಡಿತ್ತು. ಆಗ ಡಯಾನ್ ಫೈನ್‌ಸ್ಟೈನ್ ಮೇಯರ್. ತಂಬಾಕು ಕಂಪನಿಗಳು ದುಡ್ಡು ಸುರಿದು ಆ ಕಾನೂನನ್ನು ಮತದಾರರ ಮುಂದೆ ಎಳೆದು ತಂದವು. ಕೂದಲೆಳೆಯ ಅಂತರದಲ್ಲಿ ಕಾನೂನು ಉಳಿಯಿತು. 2008ರಲ್ಲಿ ಔಷಧಿ ಅಂಗಡಿಗಳಲ್ಲಿ ಸಿಗರೇಟು ಮಾರುವುದನ್ನು ದೇಶದಲ್ಲೇ ಮೊದಲು ನಿಲ್ಲಿಸಿದ್ದು ಈ ನಗರ. ಮರುವರ್ಷ, ಬೀದಿಯಲ್ಲಿ ಬೀಳುವ ಸಿಗರೇಟಿನ ತುಂಡು ಗುಡಿಸುವ ಖರ್ಚೆಂದು ಪ್ರತಿ ಪ್ಯಾಕಿನ ಮೇಲೆ 20 ಸೆಂಟ್ ಶುಲ್ಕ ಹಾಕಿತು. 2014ರಲ್ಲಿ ಎರಡು ಹೆಜ್ಜೆ: ಸಿಗರೇಟು ಸೇದಬಾರದ ಕಡೆಯಲ್ಲೆಲ್ಲ ಇ-ಸಿಗರೇಟೂ ಸೇದಬಾರದು ಎಂದಿತು, ಒಂದು ಡಿಸ್ಟ್ರಿಕ್ಟ್‌ನಲ್ಲಿ ತಂಬಾಕು ಮಾರಾಟದ ಪರವಾನಗಿ 45ನ್ನು ಮೀರಬಾರದು ಎಂದೂ ವಿಧಿಸಿತು. ಈ 45ರ ಮಿತಿಗೆ ಕಾರಣವಿತ್ತು. ಬಡವರು, ಕಪ್ಪು ಜನರು, ವಲಸಿಗರು ಹೆಚ್ಚಿರುವ ಬಡಾವಣೆಗಳಲ್ಲೇ ತಂಬಾಕು ಅಂಗಡಿಗಳು ಒತ್ತೊತ್ತಾಗಿ ಬೆಳೆದಿದ್ದವು.

ಡಿಸ್ಟ್ರಿಕ್ಟ್ 10 ಅಂಥದ್ದೇ. ನಗರದ ಆಗ್ನೇಯ ಮೂಲೆಯ ಬೇವ್ಯೂ, ಹಂಟರ್ಸ್ ಪಾಯಿಂಟ್, ಡಾಗ್‌ಪ್ಯಾಚ್‌ಗಳು ಅದರಲ್ಲಿ ಬರುತ್ತವೆ. ಯುದ್ಧಕಾಲದ ಹಡಗು ಕಟ್ಟೆಗಳ ಕೆಲಸಕ್ಕೆ ಬಂದು ನೆಲೆಸಿದ ಕಪ್ಪು ಕುಟುಂಬಗಳ ನೆಲೆ ಅದು. ಮೆಂಥಾಲ್ ಸಿಗರೇಟು ಕಂಪನಿಗಳು ದಶಕಗಳ ಕಾಲ ಜಾಹೀರಾತಿನಲ್ಲಿ ಬೆನ್ನು ಹತ್ತಿದ್ದು ಇಂಥ ಬಡಾವಣೆಗಳನ್ನೇ. ಹಾಗಾಗಿ 2017ರಲ್ಲಿ ಮೆಂಥಾಲ್ ಸೇರಿದಂತೆ ಸುವಾಸನೆ ಬೆರೆಸಿದ ಎಲ್ಲ ತಂಬಾಕಿಗೂ ತಡೆ ಹಾಕುವ ಮಸೂದೆ ಬಂದದ್ದು ಇದೇ ಡಿಸ್ಟ್ರಿಕ್ಟ್‌ನ ಸದಸ್ಯೆ ಮಲಿಯಾ ಕೋಹೆನ್ ಅವರಿಂದ. ಎರಡು ವರ್ಷದ ನಂತರ ಇ-ಸಿಗರೇಟು ಮಸೂದೆಯನ್ನು ತಂದ ಶಮನ್ ವಾಲ್ಟನ್ ಅವರದೂ ಅದೇ ಡಿಸ್ಟ್ರಿಕ್ಟ್. ಜೂಲ್ ಕಚೇರಿ ಮಾಡಿಕೊಂಡಿದ್ದದ್ದೂ ಅಲ್ಲೇ! ಒಬ್ಬ ವಾರ್ಡ್ ಪ್ರತಿನಿಧಿ ತನ್ನ ವಾರ್ಡಿನ ದೊಡ್ಡ ಉದ್ಯೋಗದಾತನ ಮೇಲೆಯೇ ಮಸೂದೆ ತಂದದ್ದು ರಾಜಕೀಯದಲ್ಲಿ ದಿನಾ ಕಾಣುವ ನೋಟವಲ್ಲ.

ಕೋಹೆನ್ ಅವರ ಕಾಯ್ದೆಗೂ 1983ರ ಗತಿಯೇ ಬಂತು. ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಮತದಾರರ ಸಹಿ ಸಂಗ್ರಹಿಸಿದರೆ ನಗರದ ಹೊಸ ಕಾಯ್ದೆಯನ್ನು ತಡೆದು ಮತಪೆಟ್ಟಿಗೆಗೆ ಕಳಿಸಬಹುದು. ಆರ್.ಜೆ. ರೆನಾಲ್ಡ್ಸ್ ಕಂಪನಿ ಸಹಿ ಕೂಡಿಸಿತು. ಪ್ರಚಾರಕ್ಕೆ ಸುಮಾರು 1.2 ಕೋಟಿ ಡಾಲರ್ ಸುರಿಯಿತು. ಎದುರಿನವರ ಬೆನ್ನಿಗೆ ಹಣದೊಂದಿಗೆ ನಿಂತದ್ದು ನ್ಯೂಯಾರ್ಕಿನ ಮಾಜಿ ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್. 2018ರ ಜೂನ್‌ನಲ್ಲಿ ಮತ ಎಣಿಸಿದಾಗ ಶೇ 68ರಷ್ಟು ಜನ ನಗರದ ಕಾಯ್ದೆಯ ಪರ ನಿಂತಿದ್ದರು.

ಇಷ್ಟಾಗಿಯೂ ಜೂಲ್ ನಿಲ್ಲಲಿಲ್ಲ. ಅದಕ್ಕೆ ಕಾರಣ ಆ ಸಾಧನದಲ್ಲೇ ಇದೆ. ನೋಡಲು ಪೆನ್‌ಡ್ರೈವ್‌ನಂತಿರುವ ಚಪ್ಪಟೆ ಕಡ್ಡಿ. ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಿ ಚಾರ್ಜ್ ಮಾಡಬಹುದು. ಮೇಷ್ಟ್ರ ಕಣ್ಣಿಗೆ ಬಿದ್ದರೂ ಗುರುತು ಸಿಗದು. ತುದಿಯಲ್ಲಿ ಸಿಕ್ಕಿಸುವ ಪುಟ್ಟ ಪಾಡ್‌ನಲ್ಲಿ 0.7 ಮಿಲಿಲೀಟರ್ ದ್ರವ. ಅದರಲ್ಲಿರುವ ನಿಕೋಟಿನ್ ಹೆಚ್ಚುಕಡಿಮೆ ಒಂದು ಪ್ಯಾಕ್ ಸಿಗರೇಟಿಗೆ ಸಮ ಎಂದು ಕಂಪನಿಯೇ ಹೇಳುತ್ತಿತ್ತು. ಹಿಂದಿನ ಇ-ಸಿಗರೇಟುಗಳಲ್ಲಿ ಇಷ್ಟು ನಿಕೋಟಿನ್ ತುಂಬಿದರೆ ಗಂಟಲು ಉರಿದು ಕೆಮ್ಮು ಬರುತ್ತಿತ್ತು. ಜೂಲ್ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿ ಅದನ್ನು ಲವಣದ ರೂಪಕ್ಕೆ ತಂದಿತು. ಕ್ಷಾರದ ಗುಣ ತಗ್ಗಿದ್ದರಿಂದ ಉರಿ ಇಳಿಯಿತು, ಹೊಗೆ ಸಲೀಸಾಗಿ ಎದೆಗಿಳಿಯಿತು, ನಿಕೋಟಿನ್ ಮಾತ್ರ ಸಿಗರೇಟಿನ ವೇಗದಲ್ಲೇ ರಕ್ತಕ್ಕೆ ಸೇರಿತು. ಒಂದು ಮಿಲಿಲೀಟರ್‌ಗೆ ಲೆಕ್ಕ ಹಾಕಿದರೆ ಸುಮಾರು 59 ಮಿಲಿಗ್ರಾಂ. ಯುರೋಪಿಯನ್ ಒಕ್ಕೂಟದಲ್ಲಿ ಗರಿಷ್ಠ ಮಿತಿ 20.

ಇದನ್ನು ರೂಪಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಉತ್ಪನ್ನ ವಿನ್ಯಾಸ ಓದುತ್ತಿದ್ದ ಆಡಂ ಬೋವೆನ್ ಮತ್ತು ಜೇಮ್ಸ್ ಮೊನ್ಸೀಸ್. ಇಬ್ಬರೂ ಸಿಗರೇಟು ಸೇದುವವರು. ಸೇದುವವರಿಗೆ ಸುಡದ ಪರ್ಯಾಯ ಕೊಡುವುದು 2005ರ ಅವರ ಪ್ರಬಂಧದ ವಿಷಯ. ಜೂಲ್ ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ಮೂರೇ ವರ್ಷದಲ್ಲಿ, ಅಂದರೆ 2018ರ ಡಿಸೆಂಬರ್‌ನಲ್ಲಿ, ಮಾರ್ಲ್‌ಬರೋ ಸಿಗರೇಟಿನ ಒಡೆಯ ಆಲ್ಟ್ರಿಯಾ ಕಂಪನಿ 1,280 ಕೋಟಿ ಡಾಲರ್ ಕೊಟ್ಟು ಅದರ ಶೇ 35ರಷ್ಟು ಪಾಲು ಖರೀದಿಸಿತು. ಸಿಗರೇಟಿಗೆ ಪರ್ಯಾಯ ಎಂದು ಹುಟ್ಟಿದ ಕಂಪನಿಯಲ್ಲಿ ಸಿಗರೇಟು ಕಂಪನಿಯೇ ದೊಡ್ಡ ಪಾಲುದಾರ. ಅದೇ ವರ್ಷದ ರಾಷ್ಟ್ರೀಯ ಸಮೀಕ್ಷೆಯಲ್ಲಿ 36 ಲಕ್ಷ ಶಾಲಾ ಮಕ್ಕಳು ಇ-ಸಿಗರೇಟು ಸೇದುತ್ತಿದ್ದಾರೆಂದು ಕಂಡುಬಂತು. ಪ್ರೌಢಶಾಲೆಯ ಮಕ್ಕಳಲ್ಲಿ ಸೇದುವವರ ಪ್ರಮಾಣ ಒಂದೇ ವರ್ಷದಲ್ಲಿ ಶೇ 11.7ರಿಂದ 20.8ಕ್ಕೆ ಜಿಗಿದಿತ್ತು.

ನಮ್ಮ ದಿಲ್ಲಿಗೆ ಸಮಾನವಾದ ವಾಷಿಂಗ್ಟನ್ ಏನು ಮಾಡುತ್ತಿತ್ತು? ಸಡಿಲ ಬಿಟ್ಟಿತ್ತು. 2016ರ ಆಗಸ್ಟ್‌ನಲ್ಲಿ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇ-ಸಿಗರೇಟುಗಳನ್ನು ತನ್ನ ಅಂಕೆಗೆ ತಂದುಕೊಂಡಿತು. ನಿಯಮದಂತೆ ಹೊಸ ತಂಬಾಕು ಉತ್ಪನ್ನ ಅಂಗಡಿಗೆ ಬರುವ ಮೊದಲೇ ಅದರ ಪರಿಶೀಲನೆಯಾಗಬೇಕು. ಆದರೆ ಆಗಲೇ ಅಂಗಡಿಯಲ್ಲಿದ್ದವಕ್ಕೆ ಅರ್ಜಿ ಹಾಕಲು ಕಾಲಾವಕಾಶ ಕೊಟ್ಟಿತು. 2017ರಲ್ಲಿ ಆ ಗಡುವನ್ನು 2022ಕ್ಕೆ ದೂಡಿತು. ಪರಿಣಾಮ, 2019ರಲ್ಲಿ ಅಮೆರಿಕದ ಅಂಗಡಿಗಳಲ್ಲಿದ್ದ ಒಂದೇ ಒಂದು ಇ-ಸಿಗರೇಟೂ ಈ ಪರಿಶೀಲನೆ ದಾಟಿ ಬಂದದ್ದಲ್ಲ.

ನಗರ ವಕೀಲ ಡೆನ್ನಿಸ್ ಹೆರೆರಾ ಮತ್ತು ವಾಲ್ಟನ್ ಕೈ ಹಾಕಿದ್ದು ಈ ಸಂದಿಗೇ. ಅವರ ಕಾಯ್ದೆ ಇ-ಸಿಗರೇಟು ಕೆಟ್ಟದ್ದು ಎಂದು ಹೇಳುವುದಿಲ್ಲ. ಎಫ್‌ಡಿಎ ನೋಡಬೇಕಾದುದನ್ನು ನೋಡಿ ಒಪ್ಪಿಗೆ ಕೊಡುವ ತನಕ ನಮ್ಮ ಊರಿನಲ್ಲಿ ಮಾರುವಂತಿಲ್ಲ ಎನ್ನುತ್ತದೆ, ಅಷ್ಟೆ. ಕೇಂದ್ರದ ಅಧಿಕಾರವನ್ನು ಕಸಿಯುತ್ತಿದ್ದೀರಿ ಎಂದು ನ್ಯಾಯಾಲಯದಲ್ಲಿ ವಾದಿಸುವವರಿಗೆ ಇದರಿಂದ ಹಿಡಿತ ಸಿಗುವುದು ಕಷ್ಟ. ನಿಮ್ಮದೇ ಕಾನೂನು ಪಾಲಿಸಿ ಎಂದು ಕೇಳಿದವರ ಮೇಲೆ ಯಾವ ದೂರು ಹೇಳುವುದು? ಕಾನೂನು ಬರೆಯುವ ಕಸುಬಿನಲ್ಲಿ ಇದೊಂದು ಚಾಣಾಕ್ಷ ಕೆಲಸ. ನ್ಯಾಯದ ದೃಷ್ಟಿಯಿಂದ ಎಷ್ಟು ಸಮಂಜಸ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರೋಣ.

ಈಗ ಎರಡನೆಯ ಮಸೂದೆ ಮತ್ತು ಪಿಯರ್ 70.

ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯಲ್ಲಿ, ಡಾಗ್‌ಪ್ಯಾಚ್ ಬಡಾವಣೆ ನೀರಿಗೆ ತಾಗುವಲ್ಲಿ ಪಿಯರ್ 70 ಇದೆ. 1880ರ ದಶಕದಿಂದ ಯೂನಿಯನ್ ಐರನ್ ವರ್ಕ್ಸ್ ಇಲ್ಲಿ ಉಕ್ಕಿನ ಹಡಗು ಕಟ್ಟುತ್ತಿತ್ತು. 1898ರಲ್ಲಿ ಮನಿಲಾ ಕೊಲ್ಲಿಯ ಕಾಳಗದಲ್ಲಿ ಅಮೆರಿಕದ ನೌಕಾಪಡೆಯನ್ನು ಮುನ್ನಡೆಸಿದ ಒಲಿಂಪಿಯಾ ಹಡಗು ಇಲ್ಲಿಯದೇ. ಮುಂದೆ ಬೆತ್ಲಹೆಮ್ ಸ್ಟೀಲ್ ಕೈಗೆ ಹೋಗಿ ಎರಡೂ ಮಹಾಯುದ್ಧಗಳಲ್ಲಿ ಹಡಗು ಕಟ್ಟಿ, ದುರಸ್ತಿ ಮಾಡಿ, ಕೆಲಸ ಇಳಿದಂತೆಲ್ಲ ಜಾಗ ಪಾಳು ಬಿತ್ತು. ಇಟ್ಟಿಗೆ ಗೋಡೆಯ ದೈತ್ಯ ಶೆಡ್ಡುಗಳು, ಒಡೆದ ಗಾಜು, ತುಕ್ಕು. ಕೆಡವೋಣವೆಂದರೆ ಚರಿತ್ರೆ, ಉಳಿಸೋಣವೆಂದರೆ ಭೂಕಂಪ ತಾಳುವಂತೆ ಬಲಪಡಿಸುವ ಖರ್ಚು ಅಪಾರ.

ಖರ್ಚು ಮಾಡಬೇಕಾದವರು ಯಾರು? ಕ್ಯಾಲಿಫೋರ್ನಿಯಾ ರಾಜ್ಯ ಈ ದಂಡೆಯನ್ನು 1960ರ ದಶಕದ ಕೊನೆಯಲ್ಲಿ ನಗರದ ವಶಕ್ಕೆ ಕೊಟ್ಟಿತ್ತು. ನಗರದ ಬಂದರು ಇಲಾಖೆ ಸುಮಾರು 12 ಕಿಲೋಮೀಟರ್ ಉದ್ದದ ದಂಡೆಯನ್ನು ಸಾರ್ವಜನಿಕರ ಪರವಾಗಿ ಕಾಯುತ್ತದೆ. ಆದರೆ ಅದಕ್ಕೆ ನಗರದ ತೆರಿಗೆ ಬೊಕ್ಕಸದ ಆಸರೆಯಿಲ್ಲ. ಬಾಡಿಗೆ, ಗುತ್ತಿಗೆಯ ದುಡ್ಡಿನಲ್ಲೇ ಬದುಕಬೇಕು. ಹಾಗಾಗಿ 20ನೇ ಬೀದಿಯ ಹಳೆಯ ಕಟ್ಟಡಗಳನ್ನು ಆರ್ಟನ್ ಡೆವಲಪ್‌ಮೆಂಟ್ ಎಂಬ ಖಾಸಗಿ ಸಂಸ್ಥೆಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಸಂಸ್ಥೆ ತನ್ನ ಹಣದಿಂದ ಕಟ್ಟಡ ಉಳಿಸಬೇಕು, ಬಾಡಿಗೆದಾರರನ್ನು ತಂದು ಹಣ ಮರಳಿ ಪಡೆಯಬೇಕು. ಪಕ್ಕದ 28 ಎಕರೆಯಲ್ಲಿ ಮನೆ, ಕಚೇರಿ, ಉದ್ಯಾನ ಕಟ್ಟುವ ಯೋಜನೆಗೆ 2014ರಲ್ಲಿ ಮತದಾರರೇ ಒಪ್ಪಿಗೆ ಕೊಟ್ಟಿದ್ದರು. ದಂಡೆಯಲ್ಲಿ ನಿಗದಿತ ಎತ್ತರ ಮೀರಿ ಕಟ್ಟಬೇಕಾದರೆ ಜನರನ್ನೇ ಕೇಳಬೇಕೆಂಬ ಕಟ್ಟಳೆ ಆ ಊರಿನಲ್ಲಿದೆ. ಕೊಲ್ಲಿಯ ನೋಟಕ್ಕೆ ಅಡ್ಡ ಬರುವ ಗೋಡೆಯ ಬಗ್ಗೆ ಅಲ್ಲಿಯವರಿಗೆ ಅಷ್ಟು ಸಿಟ್ಟು.

ಇಂಥ ಸಾರ್ವಜನಿಕ ಯೋಜನೆಗೆ ಬೇಕಾದದ್ದು ಕೈತುಂಬ ಬಾಡಿಗೆ ಕೊಡುವ ಕಂಪನಿ. ಗುತ್ತಿಗೆದಾರರ ಮೂಲಕ ಹಾಗೆ ಬಂದವರಲ್ಲಿ ಜೂಲ್ ಕೂಡ ಒಂದು. ಯಾರೂ ಕದ್ದು ಒಳಗೆ ಸೇರಿಸಿಕೊಂಡದ್ದಲ್ಲ. ಚಾರಿತ್ರಿಕ ಕಟ್ಟಡ ಉಳಿಸುವ ಲೆಕ್ಕಾಚಾರವೇ ಅಂಥ ಬಾಡಿಗೆದಾರನನ್ನು ಕರೆಯುವಂಥದ್ದು. ಒಂದು ಕಡೆ ನಗರದ ಆರೋಗ್ಯ ಇಲಾಖೆ ಶಾಲೆಗಳಲ್ಲಿ ವೇಪಿಂಗ್, ಅಂದರೆ ಇ-ಸಿಗರೇಟು ಸೇದುವುದರ ವಿರುದ್ಧ ತಿಳಿವಳಿಕೆ ಹೇಳುತ್ತಿತ್ತು. ಇನ್ನೊಂದು ಕಡೆ ಅದೇ ನಗರದ ನೆಲದ ಮೇಲೆ ಇ-ಸಿಗರೇಟು ತಯಾರಿಸುವವರ ಮುಖ್ಯ ಕಚೇರಿ.

ಹಾಗಾದರೆ ಎರಡನೆಯ ಮಸೂದೆ ಜೂಲ್ ಅನ್ನು ಒಕ್ಕಲೆಬ್ಬಿಸಿತೇ? ಇಲ್ಲ. ಆಗಲೇ ಚಾಲ್ತಿಯಲ್ಲಿದ್ದ ಗುತ್ತಿಗೆಯನ್ನು ಹಿಂದಿನಿಂದ ಬಂದ ಕಾಯ್ದೆಯಿಂದ ಮುರಿಯಲು ನಗರಕ್ಕೆ ಸಾಧ್ಯವಿರಲಿಲ್ಲ. ಅಲ್ಲದೆ ಪಿಯರ್ 70ರಲ್ಲಿ ನಡೆಯುತ್ತಿದ್ದದ್ದು ಕಚೇರಿ ಕೆಲಸ. ಅಲ್ಲಿ ಪಾಡ್ ತುಂಬುವ ಕಾರ್ಖಾನೆ ಇರಲಿಲ್ಲ, ಮಾರುವ ಅಂಗಡಿಯೂ ಇರಲಿಲ್ಲ. ಮಸೂದೆಯ ಗುರಿ ಮುಂದಿನ ಬಾಡಿಗೆದಾರರು. ಇನ್ನು ಮುಂದೆ ನಗರದ ಜಾಗದಲ್ಲಿ ಈ ವ್ಯಾಪಾರಕ್ಕೆ ಎಡೆಯಿಲ್ಲ ಎಂಬ ಗೆರೆ ಎಳೆದದ್ದಷ್ಟೇ ಅದರ ಸಾಧನೆ. ನಗರಕ್ಕೆ ಮಾಲೀಕನ ಗತ್ತು ಇರಬಹುದು, ಆದರೆ ಗುತ್ತಿಗೆ ಪತ್ರದ ಮೇಲೆ ಸಹಿ ಬಿದ್ದ ಮೇಲೆ ಅದೂ ಎಲ್ಲ ಮಾಲೀಕರಂತೆ ಕಟ್ಟುಬಿದ್ದದ್ದೇ. ಜೂಲ್ ಮಾಡಿದ ಉತ್ತರವೂ ಸ್ವಾರಸ್ಯವಾಗಿತ್ತು. ಮತದಾನ ನಡೆಯುತ್ತಿದ್ದ ಅದೇ ಜೂನ್‌ನಲ್ಲಿ ಅದು ನಗರದ ನಡುಮಧ್ಯೆ ಮಿಷನ್ ಸ್ಟ್ರೀಟ್‌ನಲ್ಲಿ ಬಹುಮಹಡಿ ಕಚೇರಿ ಗೋಪುರವೊಂದನ್ನೇ ಕೊಂಡುಕೊಂಡಿತು. ಸ್ವಂತ ಜಾಗವಾದರೆ ಮಂಡಳಿಯ ಗುತ್ತಿಗೆ ನಿಯಮ ತಾಗದು.

ಸಾರ್ವಜನಿಕ ಯೋಜನೆಗೂ ತಂಬಾಕಿನ ದುಡ್ಡಿಗೂ ಈ ಊರಿನಲ್ಲಿ ನಂಟು ಹೊಸದಲ್ಲ, ಅದಕ್ಕೆ ಇನ್ನೊಂದು ಮುಖವೂ ಇದೆ. 1996ರಲ್ಲಿ ಆಗಿನ ನಗರ ವಕೀಲೆ ಲೂಯಿಸ್ ರೆನ್ನೆ ಸಿಗರೇಟು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ್ದರು. 1998ರಲ್ಲಿ ಕಂಪನಿಗಳು ರಾಜ್ಯಗಳೊಂದಿಗೆ ರಾಷ್ಟ್ರಮಟ್ಟದಲ್ಲಿ ರಾಜಿಗೆ ಬಂದು ವರ್ಷ ವರ್ಷ ಪರಿಹಾರ ಕೊಡಲು ಒಪ್ಪಿದಾಗ ಸ್ಯಾನ್‌ಫ್ರಾನ್ಸಿಸ್ಕೋಗೂ ಪಾಲು ಬಂತು. ಆ ಹಣ ಎಲ್ಲಿಗೆ ಹೋಯಿತು? ಲಗೂನಾ ಹೊಂಡಾ ಎಂಬ ನಗರದ ಹಳೆಯ ಆಸ್ಪತ್ರೆಗೆ. ವೃದ್ಧರು, ದೀರ್ಘಕಾಲದ ರೋಗಿಗಳು ಸಾಲು ಮಂಚಗಳ ಹಳೇ ವಾರ್ಡುಗಳಲ್ಲಿ ದಿನ ತಳ್ಳುತ್ತಿದ್ದ ಜಾಗ ಅದು. ಅದನ್ನು ಹೊಸದಾಗಿ ಕಟ್ಟಲು 1999ರಲ್ಲಿ ಮತದಾರರು 29.9 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದರು. ಜೊತೆಗೆ ತಂಬಾಕು ಪರಿಹಾರದ ಹಣವನ್ನೂ ಅದಕ್ಕೆ ಹಾಕುವುದೆಂದಾಯಿತು. ಹೊಸ ಕಟ್ಟಡಗಳು 2010ರಲ್ಲಿ ತೆರೆದವು. ಸಿಗರೇಟಿನಿಂದ ಬಂದ ಬಾಡಿಗೆ ಬೇಡ, ಸಿಗರೇಟಿನಿಂದ ಬಂದ ದಂಡದ ದುಡ್ಡು ಬೇಕು ಎಂಬ ಈ ನಿಲುವನ್ನು ಇಬ್ಬಂದಿತನ ಎಂದು ಕೆಲವರು ಹಂಗಿಸಬಹುದು. ಆದರೆ ಎರಡೂ ಒಂದೇ ಅಲ್ಲ. ಬಾಡಿಗೆ ನಿಲ್ಲದಿರಲಿ ಎಂದು ಬಯಸುವ ನಗರ ಆ ವ್ಯಾಪಾರ ಬೆಳೆಯಲಿ ಎಂದೂ ಬಯಸಬೇಕಾಗುತ್ತದೆ. ದಂಡ, ಆಗಿಹೋದ ಹಾನಿಗೆ ಕಟ್ಟಿಸಿಕೊಂಡದ್ದು.

ಮೊದಲನೆಯ ಮಸೂದೆಯ ವಿರೋಧಿಗಳ ಬಳಿ ಮಾತ್ರ ಗಟ್ಟಿ ವಾದಗಳಿದ್ದವು. ಮೂಲೆಯಂಗಡಿಗಳ ಮಾಲೀಕರು ಮೊದಲು ನಿಂತರು. ಈ ಊರಿನ ಇಂಥ ಅಂಗಡಿಗಳಲ್ಲಿ ಬಹಳಷ್ಟು ಅರಬ್ ಮೂಲದ ಕುಟುಂಬಗಳವು. ತಂಬಾಕು ಕೊಳ್ಳಲು ಬಂದವರು ಹಾಲು, ಬ್ರೆಡ್ಡು, ಸೋಡಾವನ್ನೂ ಒಯ್ಯುತ್ತಾರೆ. ಆ ಗಿರಾಕಿ ಪಕ್ಕದ ಊರಿಗೆ ಹೋದರೆ ಎಲ್ಲವೂ ಹೋದಂತೆ ಎಂಬುದು ಅವರ ಅಳಲು. ಇನ್ನೊಂದು ವಾದ ಇನ್ನೂ ಮೊನಚು. ಅಂಗಡಿಯ ಅದೇ ಕಪಾಟಿನಲ್ಲಿ ಮಾಮೂಲಿ ಸಿಗರೇಟು ಮಾರಬಹುದು. 2016ರ ಮತದಾನದ ನಂತರ ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಕೂಡ ವಯಸ್ಕರಿಗೆ ಕಾನೂನುಬದ್ಧ. ಪರವಾನಗಿ ಪಡೆದ ಅಂಗಡಿಯಲ್ಲಿ ಗಾಂಜಾ ವೇಪ್ ಸಿಗುತ್ತದೆ. ನಿಷೇಧ ಬಿದ್ದದ್ದು ಇವೆರಡರ ನಡುವಿನ ನಿಕೋಟಿನ್ ವೇಪ್‌ಗೆ ಮಾತ್ರ. ಸಿಗರೇಟು ಬಿಡಲೆಂದೇ ವೇಪ್ ಹಿಡಿದ ಐವತ್ತರ ಹರೆಯದವರು ಮತ್ತೆ ಸಿಗರೇಟಿಗೆ ಮರಳಬೇಕೇ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆ ಸಿಗರೇಟು ಬಿಡಲು ವೇಪಿಂಗ್ ಅನ್ನು ಒಂದು ಸಾಧನವಾಗಿ ಒಪ್ಪಿಕೊಂಡಿದೆ. 2019ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಇ-ಸಿಗರೇಟು ಹಿಡಿದವರಲ್ಲಿ ಶೇ 18ರಷ್ಟು ಮಂದಿ ಒಂದು ವರ್ಷದ ನಂತರ ಸಿಗರೇಟಿನಿಂದ ದೂರ ಉಳಿದಿದ್ದರು. ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್ ಬಳಸಿದವರಲ್ಲಿ ಶೇ 9.9. ಮಕ್ಕಳಿಗೆ ಸಿಗಬಾರದು, ಸೇದುವ ವಯಸ್ಕರಿಗೆ ಸಿಗಬೇಕು ಎಂಬ ಎರಡು ಬೇಡಿಕೆಗಳನ್ನು ಒಂದೇ ಅಂಗಡಿಯ ಕೌಂಟರಿನಲ್ಲಿ ಹೊಂದಿಸುವುದು ಸುಲಭವಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ಮಕ್ಕಳ ಕಡೆ ವಾಲಿತು. ಸಿಗರೇಟನ್ನು ಕಪಾಟಿನಲ್ಲಿ ಉಳಿಸಿ ವೇಪ್ ಅನ್ನು ಮಾತ್ರ ತೆಗೆದದ್ದು ಕಾನೂನಿನ ಭಾಷೆಯಲ್ಲಿ ಸಮರ್ಥನೀಯವಿರಬಹುದು, ಆರೋಗ್ಯದ ತರ್ಕದಲ್ಲಿ ಮಾತ್ರ ಅದು ಅರ್ಧ ಉತ್ತರ. ಅದೇ ರಾಜ್ಯದ ಬೆವರ್ಲಿ ಹಿಲ್ಸ್ ನಗರ ಮಂಡಳಿ 2019ರ ಅದೇ ಜೂನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ತಂಬಾಕು ಉತ್ಪನ್ನಗಳ ಮಾರಾಟವನ್ನೂ 2021ರ ಜನವರಿಯಿಂದ ನಿಲ್ಲಿಸಲು ತೀರ್ಮಾನಿಸಿತು. ಅದರ ತರ್ಕದಲ್ಲಿ ಈ ಬಿರುಕಿಲ್ಲ. ಆದರೆ ಅದು ಪುಟ್ಟ, ಸಿರಿವಂತ ಊರು.

ಜೂಲ್ ಕೈಕಟ್ಟಿ ಕೂರಲಿಲ್ಲ. ಪ್ರೊಪೊಸಿಷನ್ ಸಿ ಎಂಬ ಹೆಸರಿನಲ್ಲಿ ತಾನೇ ಒಂದು ಪರ್ಯಾಯ ಕಾನೂನು ಬರೆಸಿ, ಸಹಿ ಸಂಗ್ರಹಿಸಿ 2019ರ ನವೆಂಬರ್ ಮತದಾನಕ್ಕೆ ತಂದಿತು. 21 ದಾಟಿದವರಿಗೆ ಮಾರಲು ಅವಕಾಶ, ವಯಸ್ಸಿನ ಕಟ್ಟುನಿಟ್ಟು ತಪಾಸಣೆ, ಒಮ್ಮೆಗೆ ಇಷ್ಟೇ ಕೊಳ್ಳಬಹುದೆಂಬ ಮಿತಿ ಅದರಲ್ಲಿದ್ದವು. ಮಕ್ಕಳ ವೇಪಿಂಗ್ ತಡೆಯುವ ಕ್ರಮವೆಂದೇ ಪ್ರಚಾರ ನಡೆಯಿತು. ಇದು ಮಂಡಳಿಯ ನಿಷೇಧವನ್ನು ಅಳಿಸುವ ಹಿಂಬಾಗಿಲು, 2018ರಲ್ಲಿ ಜನರೇ ಒಪ್ಪಿದ ಸುವಾಸನೆಯ ನಿಷೇಧಕ್ಕೂ ಕುತ್ತು ಎಂದು ಎದುರಾಳಿಗಳು ಹೇಳಿದರು. ಕಂಪನಿ ಒಂದು ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತ್ತು.

ಆಗ ಬಂತು ಶ್ವಾಸಕೋಶದ ಕಾಯಿಲೆ. 2019ರ ಬೇಸಗೆಯಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ವೇಪ್ ಸೇದುವ ಯುವಕರು ಉಸಿರಾಡಲಾಗದೆ ಬರತೊಡಗಿದರು. 2020ರ ಫೆಬ್ರುವರಿಯ ಹೊತ್ತಿಗೆ ದಾಖಲಾದವರು 2,807, ಸತ್ತವರು 68. ತನಿಖೆ ಮುಂದುವರಿದಂತೆ ಮುಖ್ಯ ಅಪರಾಧಿಯಾಗಿ ಕಂಡದ್ದು ವಿಟಮಿನ್ ಇ ಅಸಿಟೇಟ್. ಬಹುಪಾಲು ಪ್ರಕರಣಗಳಲ್ಲಿ ಅದು ಸೇರಿದ್ದು ಅಕ್ರಮ ಮಾರುಕಟ್ಟೆಯ ಗಾಂಜಾ ವೇಪ್‌ಗಳಲ್ಲಿ. ನಿಕೋಟಿನ್ ಪಾಡ್‌ಗಳ ಮೇಲೆ ಈ ಕಾಯಿಲೆಯ ಹೊಣೆ ಹೊರಿಸಲು ಆಧಾರ ಸಿಗಲಿಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಜನ ಆ ವ್ಯತ್ಯಾಸ ನೋಡುವ ಸ್ಥಿತಿಯಲ್ಲಿರಲಿಲ್ಲ. ಆ ತಿಂಗಳ ಕೊನೆಯ ವಾರ ಜೂಲ್‌ನ ಮುಖ್ಯಸ್ಥ ಕೆವಿನ್ ಬರ್ನ್ಸ್ ಹುದ್ದೆ ಬಿಟ್ಟರು, ಆಲ್ಟ್ರಿಯಾದಿಂದ ಬಂದವರು ಆ ಕುರ್ಚಿಯಲ್ಲಿ ಕೂತರು, ಕಂಪನಿ ಪ್ರೊಪೊಸಿಷನ್ ಸಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಹೆಸರು ಮಾತ್ರ ಮತಪತ್ರದಲ್ಲಿ ಉಳಿದುಕೊಂಡಿತ್ತು. ನವೆಂಬರ್ 5ರಂದು ಸುಮಾರು ಶೇ 82 ಮತದಾರರು ಅದನ್ನು ತಿರಸ್ಕರಿಸಿದರು. 2020ರ ಆರಂಭದಲ್ಲಿ ಮಾರಾಟ ನಿಷೇಧ ಜಾರಿಯಾಯಿತು.

ಭಾರತ ಆ ಹೊತ್ತಿಗೆ ಒಂದೇ ಏಟಿಗೆ ಮುಗಿಸಿಬಿಟ್ಟಿತ್ತು. ಜೂಲ್ 2019ರಲ್ಲಿ ಇಲ್ಲಿಗೆ ಕಾಲಿಡುವ ಸಿದ್ಧತೆಯಲ್ಲಿತ್ತು. ಸೆಪ್ಟೆಂಬರ್ 18ರಂದು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸುಗ್ರೀವಾಜ್ಞೆ ಹೊರಡಿಸುವ ಸಂಪುಟದ ತೀರ್ಮಾನವನ್ನು ಪ್ರಕಟಿಸಿದರು: ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ಕಾಯ್ದೆಯಾಯಿತು. ಕರ್ನಾಟಕ ಅದಕ್ಕೂ ಮೂರು ವರ್ಷ ಮೊದಲೇ, 2016ರಲ್ಲಿ ನಿಷೇಧ ಹಾಕಿತ್ತು. ಇಲ್ಲೂ ಅದೇ ಪ್ರಶ್ನೆ ಎದ್ದಿತು: ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕು ಸಿಗರೇಟಾಗಿ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಇದೊಂದು ಮಾತ್ರ ಏಕಿಲ್ಲ? ಆದರೆ ಪ್ರಶ್ನೆ ಕೇಳಲು ಪಾಲಿಕೆಯ ಸಭಾಂಗಣವೂ ಇರಲಿಲ್ಲ, ಮತಪತ್ರವೂ ಇರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಿರಾಣಿ ಅಂಗಡಿಯವನೂ ಹೈಸ್ಕೂಲ್ ಹುಡುಗಿಯ ತಾಯಿಯೂ ಮೈಕ್ ಮುಂದೆ ನಿಂತು ಸರದಿಯಂತೆ ಮಾತಾಡಿದ್ದರು.

ಫಲಿತಾಂಶ ಏನಾಯಿತು ಎಂದು ಕೇಳುವವರಿಗೆ ಸಿಗುವ ಉತ್ತರ ನೇರವಾಗಿಲ್ಲ. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಬಿಗೇಲ್ ಫ್ರೀಡ್‌ಮನ್ ಪ್ರಕಟಿಸಿದ ಅಧ್ಯಯನ, ಸುವಾಸನೆಯ ನಿಷೇಧದ ನಂತರ ಸ್ಯಾನ್‌ಫ್ರಾನ್ಸಿಸ್ಕೋದ ಹದಿಹರೆಯದವರು ಮಾಮೂಲಿ ಸಿಗರೇಟು ಸೇದುವ ಸಾಧ್ಯತೆ ಇತರೆಡೆಗಿಂತ ದುಪ್ಪಟ್ಟಾಗಿದೆ ಎಂದಿತು. ನಿಷೇಧದ ವಿರೋಧಿಗಳು ಕುಣಿದಾಡಿದರು. ಬಳಿಕ ಬೇರೆ ಸಂಶೋಧಕರು ತೋರಿಸಿದ್ದು ಒಂದು ತೊಡಕು. ಆ ಅಂಕಿ ಸಂಗ್ರಹವಾದದ್ದು 2018ರ ಕೊನೆಯ ತಿಂಗಳುಗಳಲ್ಲಿ. ನಗರ ಅಂಗಡಿಗಳ ಮೇಲೆ ನಿಜವಾಗಿ ಕ್ರಮ ಶುರು ಮಾಡಿದ್ದು 2019ರ ಜನವರಿಯಲ್ಲಿ. ಜಾರಿಯಾಗದ ನಿಯಮದ ಫಲವನ್ನು ಅಳೆದದ್ದು ಹೇಗೆ ಎಂಬ ತಕರಾರು ಇನ್ನೂ ಆರಿಲ್ಲ. ದೇಶದ ಮಟ್ಟದಲ್ಲಿ ಶಾಲಾ ಮಕ್ಕಳ ವೇಪಿಂಗ್ ಇಳಿದಿರುವುದು ನಿಜ. 2024ರ ಸಮೀಕ್ಷೆಯಲ್ಲಿ ಸಂಖ್ಯೆ 16.3 ಲಕ್ಷಕ್ಕೆ ಬಂದಿತ್ತು. ಅದಕ್ಕೆ ಕೋವಿಡ್ ಕಾಲದ ಮುಚ್ಚಿದ ಶಾಲೆ, ಕೇಂದ್ರದ 21ರ ವಯೋಮಿತಿ, ಮೊಕದ್ದಮೆಗಳು, ನಗರಗಳ ನಿಷೇಧ ಎಲ್ಲವೂ ಪಾಲುದಾರರು. ಯಾರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಪಿಯರ್ 70ರ ಬಾಡಿಗೆ ವಿಚಾರ ಕಾಯ್ದೆಯ ನೆರವಿಲ್ಲದೆಯೇ ಬಗೆಹರಿಯಿತು. 2020ರ ಮೇನಲ್ಲಿ ಜೂಲ್ ತನ್ನ ಮುಖ್ಯ ಕಚೇರಿಯನ್ನು ವಾಷಿಂಗ್ಟನ್‌ಗೆ ಒಯ್ಯುವುದಾಗಿ ಹೇಳಿತು. ನಿಯಂತ್ರಕರು ಇರುವಲ್ಲೇ ಇರುವುದು ಅದಕ್ಕೀಗ ಹೆಚ್ಚು ಅಗತ್ಯವಾಗಿತ್ತು. ಪಕ್ಕದ ಕ್ರೇನ್ ಕೋವ್ ಉದ್ಯಾನ ಅದೇ ವರ್ಷ ಸಾರ್ವಜನಿಕರಿಗೆ ತೆರೆಯಿತು. ಬೆತ್ಲಹೆಮ್ ಸ್ಟೀಲ್‌ನ ಹಳೆಯ ಆಡಳಿತ ಕಟ್ಟಡದಲ್ಲಿ ಈಗ ದುಬಾರಿ ಪೀಠೋಪಕರಣಗಳ ಮಳಿಗೆಯಿದೆ.

ಜೂಲ್ 2022ರಲ್ಲಿ ಮೂವತ್ತಕ್ಕೂ ಹೆಚ್ಚು ರಾಜ್ಯ, ಪ್ರದೇಶಗಳಿಗೆ 43.85 ಕೋಟಿ ಡಾಲರ್, 2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮೊದಲಾದವಕ್ಕೆ 46.2 ಕೋಟಿ ಡಾಲರ್ ಕೊಡಲು ಒಪ್ಪಿತು. ಮರು ತಿಂಗಳು, ಸ್ಯಾನ್‌ಫ್ರಾನ್ಸಿಸ್ಕೋದ ಶಾಲಾ ಆಡಳಿತ ಹೂಡಿದ್ದ ಮೊಕದ್ದಮೆಯ ವಿಚಾರಣೆ ಅದೇ ಊರಿನ ಫೆಡರಲ್ ನ್ಯಾಯಾಲಯದಲ್ಲಿ ನಡೆಯುತ್ತಿದ್ದಾಗಲೇ, ಅದೂ ಸೇರಿ ಸಾವಿರಾರು ದಾವೆಗಳಿಗೆ ಆಲ್ಟ್ರಿಯಾ 23.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಎಫ್‌ಡಿಎ 2022ರ ಜೂನ್‌ನಲ್ಲಿ ಜೂಲ್ ಮಾರಾಟಕ್ಕೆ ಅನುಮತಿ ನಿರಾಕರಿಸಿತು, ಕೆಲವೇ ದಿನಗಳಲ್ಲಿ ಆ ಆದೇಶ ತಡೆಹಿಡಿಯಲ್ಪಟ್ಟಿತು, 2024ರಲ್ಲಿ ಅದನ್ನು ಹಿಂಪಡೆಯಿತು, 2025ರ ಜುಲೈನಲ್ಲಿ ತಂಬಾಕು ಮತ್ತು ಮೆಂಥಾಲ್ ರುಚಿಯ ಜೂಲ್‌ಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆರು ವರ್ಷ ಮೊದಲು ಹನ್ನೊಂದು ಸದಸ್ಯರು ಇಟ್ಟಿದ್ದ ಷರತ್ತು ಇದೇ ಪರಿಶೀಲನೆ. ಮೆಂಥಾಲ್ ಪಾಡ್ ಮಾತ್ರ ಕ್ಯಾಲಿಫೋರ್ನಿಯಾದ ಯಾವ ಅಂಗಡಿಗೂ ಬರುವಂತಿಲ್ಲ. ಸುವಾಸನೆಯ ತಂಬಾಕಿಗೆ ಡಿಸ್ಟ್ರಿಕ್ಟ್ 10ರ ಸದಸ್ಯೆ 2017ರಲ್ಲಿ ತಂದಂಥದ್ದೇ ತಡೆಯನ್ನು ಇಡೀ ರಾಜ್ಯಕ್ಕೆ ಹಾಕುವ ಕಾನೂನನ್ನು 2022ರ ನವೆಂಬರ್‌ನಲ್ಲಿ ಶೇ 63ರಷ್ಟು ಮತದಾರರು ಎತ್ತಿಹಿಡಿದರು. ಆ ಸಲವೂ ಅದನ್ನು ಮತಪೆಟ್ಟಿಗೆಗೆ ಎಳೆದು ತಂದದ್ದು ತಂಬಾಕು ಕಂಪನಿಗಳೇ.